ಮೂರು ಪಾಲಾಗಬೇಕಿದ್ದ ಪುಸ್ತಕ

ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿಬಂದವರೆಲ್ಲ ಮೊದಲು ಆ ಕೆಂಪು ಸೇತುವೆಯ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರವೂ ಒಂದಿದೆ. ಅದರಲ್ಲಿ ನಾನಿದ್ದೇನೆ, ತಂಗಿಯಿಂದ ಎರವಲು ಪಡೆದ ಸ್ವೆಟರ್ ಇದೆ, ಹಿಂದೆ ಬರೀ ಬೆಳ್ಳಗೆ ಮಂಜು. ಅದರೊಳಗೆ ಸೇತುವೆ ಇದೆ ಎಂದು ನೀವು ನಂಬಬೇಕು. ಆದ್ದರಿಂದ ಊರಿನ ಬಣ್ಣನೆಗೆ ನನ್ನನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿ ಇದ್ದ ಎರಡು ತಿಂಗಳಲ್ಲಿ ನನ್ನ ಮನಸ್ಸೆಲ್ಲ ಒಂದು ಪುಸ್ತಕದ ಮೇಲೆಯೇ ಇತ್ತು. ಅಂಗೈಯಗಲದ, ಐನೂರು ವರ್ಷ ಹಳೆಯ ಪುಸ್ತಕ. ಅದನ್ನು ಮೂರು ತುಂಡು ಮಾಡಿಕೊಡು ಎಂದು ನನ್ನ ಕೈಗೆ ಕೊಟ್ಟಿದ್ದರು.

ಸನ್ನಿವೇಲ್

ನಾನು ಮೈಸೂರಿನಲ್ಲಿ ಬೈಂಡಿಂಗ್ ಅಂಗಡಿ ಇಟ್ಟುಕೊಂಡಿರುವವಳು. ಅಪ್ಪ ನಡೆಸುತ್ತಿದ್ದ ಅಂಗಡಿ. ಅವರು ಹೋದ ಮೇಲೆ, ಹೆಂಗಸು ರಟ್ಟು ಕತ್ತರಿಸುತ್ತಾಳಾ ಎಂದು ನಕ್ಕವರ ಪುಸ್ತಕಗಳನ್ನೇ ಈಗ ಹೊಲಿಯುತ್ತಿದ್ದೇನೆ. ತಂಗಿ ರತ್ನ ಮದುವೆಯಾಗಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ಗೆ ಹೋಗಿ ಒಂಬತ್ತು ವರ್ಷವಾಗಿತ್ತು. ನವರಾತ್ರಿಗೆ ಬಾ ಎಂದು ಅವಳು ಟಿಕೆಟ್ ಕಳಿಸಿದಾಗ, ಬಟ್ಟೆಯ ಜೊತೆ ನನ್ನ ಸಾಮಾನುಗಳನ್ನೂ ಪೆಟ್ಟಿಗೆಗೆ ತುಂಬಿದೆ. ದಬ್ಬಳ, ಸೂಜಿ, ಜೇನುಮೇಣ, ಹಾಳೆ ಮಡಿಚುವ ಮೂಳೆಯ ಪಟ್ಟಿ, ಒಂದು ಒಳ್ಳೆಯ ಕತ್ತಿ. ಮಗಳು ದಿವ್ಯಳ ಪುಸ್ತಕಗಳೆಲ್ಲ ಹರಿದಿವೆ ಎಂದು ರತ್ನ ಫೋನಿನಲ್ಲಿ ಹೇಳಿದ್ದಳು. ಅದು ನೆಪ. ಎರಡು ತಿಂಗಳು ಕೈ ಕಟ್ಟಿ ಕೂರಲು ನನ್ನಿಂದಾಗದು.

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಆ ಪೆಟ್ಟಿಗೆ ತೆಗೆಸಿ, ಮೂಳೆಯ ಪಟ್ಟಿಯನ್ನು ಎತ್ತಿ ಹಿಡಿದು, ನೀವು ಡಾಕ್ಟರಾ ಎಂದು ಕೇಳಿದ. ಪುಸ್ತಕದ ಡಾಕ್ಟರು ಎಂದೆ, ನನಗೆ ಬರುವ ಇಂಗ್ಲಿಷಿನಲ್ಲಿ. ಅವನು ನಗುತ್ತಾ ಕತ್ತಿಯನ್ನು ವಾಪಸು ಇಟ್ಟ. ಕರಿಬೇವಿನ ಸೊಪ್ಪನ್ನು ಮಾತ್ರ ಕಿತ್ತುಕೊಂಡ. ಇಷ್ಟುದ್ದದ ಕತ್ತಿಗೆ ಹೆದರದವರು ಒಗ್ಗರಣೆ ಸೊಪ್ಪಿಗೆ ಹೆದರುವ ದೇಶ ಇದು ಎಂದುಕೊಂಡು ಹೊರಗೆ ಬಂದೆ.

ರತ್ನನ ಗಂಡ ಪುಟ್ಟಸ್ವಾಮಿ ಮಂಡ್ಯದ ಕಡೆಯವರು. ಅವರ ಕಂಪನಿ ಇಂಟರ್‌ನೆಟ್ಟಿನಲ್ಲಿ ನಾಯಿಯ ಊಟ ಮಾರುತ್ತಿತ್ತು. ನಾಯಿ ಕಂಪ್ಯೂಟರ್ ನೋಡುತ್ತದಾ ಎಂದು ನಾನು ಕೇಳಿದ್ದಕ್ಕೆ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಅಲ್ಲಿ ಎಲ್ಲರೂ ಆಗ ಅಂಥ ಏನನ್ನೋ ಮಾರುತ್ತಿದ್ದರು. ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕ ಹಾಸನದ ಹುಡುಗನೊಬ್ಬ ನನ್ನ ಅಂಗಡಿಗೂ ವೆಬ್‌ಸೈಟು ಮಾಡಿಕೊಡುತ್ತೇನೆಂದು ಗಂಟುಬಿದ್ದ. ವೆಬ್‌ಸೈಟಿಗೆ ಹೊಲಿಗೆ ಬೇಕಾಗುತ್ತದಾ ಎಂದೆ. ಬೇಡ ಎಂದ. ಹಾಗಾದರೆ ನನಗೂ ಬೇಡ ಎಂದೆ.

ಹೇವರ್ಡ್

ರತ್ನ ಹೇವರ್ಡ್‌ನ ಒಂದು ಡೇಕೇರ್‌ನಲ್ಲಿ ಕೆಲಸ ಮಾಡುತ್ತಾಳೆ. ದಿನಾ ಬೆಳಿಗ್ಗೆ ಫ್ರೀವೇ ಹತ್ತಿ ಹೋಗಿ, ಬೇರೆಯವರ ಮಕ್ಕಳಿಗೆ ಊಟ ಮಾಡಿಸಿ, ಮಲಗಿಸಿ, ಮೂಗು ಒರೆಸಿ ಬರುತ್ತಾಳೆ. ಡೇಕೇರ್ ಎಂದರೆ ದೊಡ್ಡ ಕಟ್ಟಡವೇನಲ್ಲ, ಒಬ್ಬ ಹೆಂಗಸಿನ ಮನೆ. ಆಕೆಯ ಹೆಸರು ಮೀನಾ. ನಮ್ಮ ಹೆಸರಲ್ಲ, ಡಚ್ ಹೆಸರು. ಎರಡನೇ ಮಹಾಯುದ್ಧವೆಲ್ಲ ಮುಗಿದ ಮೇಲೆ ಹಾಲೆಂಡಿನಿಂದ ಮದುವೆಯಾಗಿ ಬಂದವರು. ಎಪ್ಪತ್ತು ದಾಟಿದೆ, ಆರಡಿ ಎತ್ತರ, ತೋಳಿಗೆ ಒಂದೊಂದರಂತೆ ಎರಡು ಮಕ್ಕಳನ್ನು ಎತ್ತಿಕೊಂಡು ಓಡಾಡುತ್ತಾರೆ. ನನ್ನ ತಂಗಿ ಅವರನ್ನು ಬರೀ ‘ಮೀನಾ, ಮೀನಾ’ ಎಂದು ಕೂಗುವುದು ಕೇಳಿ ನನಗೆ ಮುಜುಗರವಾಯಿತು. ನಾನು ಮೀನಮ್ಮ ಎಂದೆ. ಆಕೆಗೆ ಅದು ಹಿಡಿಸಿತು. ಸಂಜೆಯೊಳಗೆ ಮಕ್ಕಳೆಲ್ಲ ಮೀನಮ್ಮ ಎನ್ನತೊಡಗಿದರು.

ನನ್ನಕ್ಕ ಮೈಸೂರಿನಲ್ಲೇ ದೊಡ್ಡ ಬೈಂಡರ್ ಎಂದು ರತ್ನ ಮೊದಲೇ ಕೊಚ್ಚಿಕೊಂಡಿದ್ದಳು. ಮಕ್ಕಳು ಮಧ್ಯಾಹ್ನ ಮಲಗಿದ ಮೇಲೆ ಮೀನಮ್ಮ ಒಂದು ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದಿಟ್ಟರು. ಒಳಗೆ ಅಡಿಗೆಮನೆಯ ಟವೆಲ್, ಟವೆಲ್ಲಿನೊಳಗೆ ಆ ಪುಸ್ತಕ.

ಮೂವತ್ತು ವರ್ಷದಿಂದ ಪುಸ್ತಕ ಮುಟ್ಟುತ್ತಿದ್ದೇನೆ, ಅಂಥದ್ದನ್ನು ಮುಟ್ಟಿರಲಿಲ್ಲ. ರಟ್ಟಿನ ಬದಲು ಮರದ ಹಲಗೆ, ಅದರ ಮೇಲೆ ತೊಗಲು. ಮುಂದಿನ ಹಲಗೆ ಕಳಚಿ ಬಂದಿತ್ತು, ಬೆನ್ನು ಬಿಟ್ಟಿತ್ತು. ಒಳಗೆ ಕಾಗದವಲ್ಲ, ಹದ ಮಾಡಿದ ಕರುವಿನ ಚರ್ಮ, ಪ್ರತಿ ಹಾಳೆಯೂ. ಕೈಬರಹ. ದೊಡ್ಡ ಅಕ್ಷರಗಳಿಗೆ ಚಿನ್ನದ ರೇಕು, ಅವುಗಳ ಸುತ್ತ ನೀಲಿ, ಕೆಂಪು ಮಸಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಳ್ಳಿ. ಬೆಳಗಿನಿಂದ ಮಲಗುವವರೆಗೆ ಹೊತ್ತು ಹೊತ್ತಿಗೆ ಹೇಳುವ ಪ್ರಾರ್ಥನೆಗಳಂತೆ, ಡಚ್ ಭಾಷೆಯಲ್ಲೇ. ಮೊದಲಲ್ಲಿ ಹನ್ನೆರಡು ತಿಂಗಳ ಪಂಚಾಂಗ, ಹಬ್ಬದ ದಿನಗಳಿಗೆ ಕೆಂಪು ಅಕ್ಷರ. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲೂ ಹಬ್ಬಕ್ಕೆ ಕೆಂಪೇ ತಾನೇ. ಅಷ್ಟು ದೂರದವರಿಗೂ ಹಬ್ಬವೆಂದರೆ ಕೆಂಪು ಎಂದು ಹೊಳೆದದ್ದು ನೋಡಿ ನನಗೆ ಖುಷಿಯೋ ಖುಷಿ. ಯಾವಾಗಿನ ಅಭ್ಯಾಸವೋ ಏನೋ, ಎತ್ತಿ ಕಣ್ಣಿಗೊತ್ತಿಕೊಂಡೆ. ಮೀನಮ್ಮ ಒಂದು ಚಿತ್ರ ತೆಗೆದು ತೋರಿಸಿದರು. ಮೇರಿಯಮ್ಮನ ಮುಖವೇ ಇರಲಿಲ್ಲ, ಮಸುಕು ಮಚ್ಚೆ ಮಾತ್ರ. ಯಾರೋ ದಿನಾ ಮುತ್ತಿಟ್ಟು ಮುತ್ತಿಟ್ಟು ಅಳಿಸಿಹಾಕಿದ್ದಂತೆ.

ಆಮೇಲೆ ಕೊನೆಯ ಹಾಳೆಗಳಿಗೆ ಬಂದರು. ಪುಸ್ತಕ ಯಾರ್‍ಯಾರ ಕೈಯಲ್ಲಿತ್ತೋ ಅವರೆಲ್ಲ ಅಲ್ಲಿ ಹೆಸರು ಬರೆದಿದ್ದಾರೆ. ಮೊದಲನೆಯವಳು ಅಲೈಟ್, ಮಠದ ಸನ್ಯಾಸಿನಿ. ಅವಳ ಕೆಳಗೆ ಬಿಯರ್ ಕಾಯಿಸುವವನೊಬ್ಬನ ಹೆಂಡತಿ, ಹೆತ್ತ ಹನ್ನೊಂದು ಮಕ್ಕಳ ದಿನಗಳನ್ನೂ ಬರೆದು, ಐವರ ಎದುರು ಶಿಲುಬೆ ಹಾಕಿದ್ದಾಳೆ. ಅವಳಾದ ಮೇಲೆ ಬಂದವನಿಗೆ ಮತ ಬದಲಾಗಿತ್ತು. ಸಂತರನ್ನು ಬೇಡುವ ಸಾಲುಗಳ ಮೇಲೆಲ್ಲ ಗೀಟು ಎಳೆದಿದ್ದಾನೆ. ಆದರೆ ಪುಸ್ತಕ ಬಿಸಾಡಿಲ್ಲ, ಗೀಟನ್ನೂ ಅಡಿಕೋಲು ಇಟ್ಟು ನೆಟ್ಟಗೆ ಎಳೆದಿದ್ದಾನೆ. ಮತ್ತೊಬ್ಬಳಿಗೆ ಬರೆಯಲು ಬರುತ್ತಿರಲಿಲ್ಲ, ಒಂದು ಲಂಗರು ಗೀಚಿದ್ದಾಳೆ, ಗಂಡ ಹಡಗಿನವನಿರಬೇಕು. ಹೀಗೇ ಇಳಿದು ಮೀನಮ್ಮನ ಅಜ್ಜಿ, ಅಮ್ಮ. ಯುದ್ಧದ ಕೊನೆಯ ಚಳಿಗಾಲದಲ್ಲಿ ಉರುವಲಿಲ್ಲದೆ ಆ ಅಮ್ಮ ಕುರ್ಚಿ ಸುಟ್ಟಳು, ಏಣಿ ಸುಟ್ಟಳು, ಬೀರುವಿನ ಬಾಗಿಲು ಸುಟ್ಟಳು. ಇದನ್ನು ಸುಡಲಿಲ್ಲ.

“ಅಮ್ಮನಿಗೆ ನಾನೊಬ್ಬಳೇ ಮಗಳು, ಸುಲಭವಾಯಿತು. ನನಗೆ ಮೂವರು,” ಎಂದರು ಮೀನಮ್ಮ. ರತ್ನ ನನಗೆ ಕನ್ನಡದಲ್ಲಿ ಹೇಳುತ್ತಾ ಹೋದಳು.

ವಿಷಯ ಇಷ್ಟೇ. ಮೂವರು ಹೆಣ್ಣುಮಕ್ಕಳಿಗೂ ಪುಸ್ತಕ ಬೇಕು. ಹೇಗೂ ಹೊಲಿಗೆ ಬಿಟ್ಟಿದೆ. ಬಿಚ್ಚಿ ಸಮ ಸಮ ಮೂರು ಪಾಲು ಮಾಡಿ, ಮೂರು ಚಿಕ್ಕ ಪುಸ್ತಕ ಕಟ್ಟಿಕೊಡಬೇಕು. ಅಮ್ಮ ಒಬ್ಬಳಿಗೆ ಹೆಚ್ಚು ಕೊಟ್ಟಳು ಎಂಬ ಮಾತು ಬರಬಾರದು. ಯಾರಿಗೆ ಎಲ್ಲಿಂದ ಎಲ್ಲಿಯವರೆಗೆ ಎಂದು ಚೀಟಿ ಬೇರೆ ಬರೆದಿಟ್ಟಿದ್ದರು, ಚಿನ್ನದ ಅಕ್ಷರಗಳನ್ನೂ ಎಣಿಸಿ ಹಂಚಿದ್ದರು. ಮೂರು ಹೆಣ್ಣು ಹೆತ್ತವಳ ನ್ಯಾಯ ಅದು, ನನಗೆ ಅರ್ಥವಾಯಿತು. ಆದರೂ ಆಗುವುದಿಲ್ಲ ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಅದಕ್ಕೆ ಕಾರಣವಿತ್ತು, ಆಮೇಲೆ ಹೇಳುತ್ತೇನೆ. ನೋಡೋಣ ಎಂದುಬಿಟ್ಟೆ. ಅವರು ಡಬ್ಬಿಯನ್ನು ನನ್ನ ಮಡಿಲಿಗೇ ಹಾಕಿ ಕಳಿಸಿದರು. ಇಲ್ಲಿ ಹದಿನೈದು ಮಕ್ಕಳ ಕೈಗೂ ಜ್ಯಾಮ್ ಮೆತ್ತಿರುತ್ತದೆ, ನಿಮ್ಮ ಮನೆಯ ಮೇಜೇ ವಾಸಿ ಎಂದರು.

ಸರಸ್ವತಿ ಪೂಜೆ

ಸನ್ನಿವೇಲ್‌ನಲ್ಲಿ ಹಬ್ಬಗಳೆಲ್ಲ ಶನಿವಾರ ಭಾನುವಾರ ನೋಡಿಕೊಂಡು ಬರುತ್ತವೆ. ನಾನು ಬಿಡಲಿಲ್ಲ. ಮೂಲಾ ನಕ್ಷತ್ರ ಬುಧವಾರ ಬಂದರೆ ಬುಧವಾರವೇ ಪೂಜೆ ಎಂದೆ. ಸತ್ಯ ಹೇಳುತ್ತೇನೆ, ಅದು ಭಕ್ತಿ ಅಲ್ಲ, ಕಳ್ಳಾಟ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ತೆರೆಯುವ ಹಾಗಿಲ್ಲ. ಆಯುಧಪೂಜೆಗೆ ಇಟ್ಟ ಕತ್ತಿ, ಸೂಜಿಯನ್ನು ಮುಟ್ಟುವ ಹಾಗಿಲ್ಲ. ನಾಲ್ಕು ದಿನ ಸಿಕ್ಕಿತಲ್ಲ! ಮೈಸೂರಿನಲ್ಲಿ ಗಿರಾಕಿ ಅವಸರ ಮಾಡಿದರೆ ಸರಸ್ವತಿ ಪೂಜೆಯ ದಿನವೇ ಹೊಲಿದುಕೊಟ್ಟವಳು ನಾನು. ಅದನ್ನು ಇಲ್ಲಿ ಯಾರಿಗೆ ಹೇಳಲಿ? ಮೀನಮ್ಮನಿಗೆ ರತ್ನ ಫೋನು ಮಾಡಿ ಶಾಸ್ತ್ರ ವಿವರಿಸಿದಳು. ಅವರು ಗೌರವದಿಂದ ಒಪ್ಪಿಕೊಂಡು, ವಿಜಯದಶಮಿಯ ಸಂಜೆ ಮೂವರನ್ನೂ ಕರೆದುಕೊಂಡೇ ಬರುತ್ತೇನೆ, ಎಲ್ಲರ ಎದುರಲ್ಲೇ ಪಾಲಾಗಲಿ ಎಂದರು. ನಾಲ್ಕು ದಿನ ತಳ್ಳಿದ್ದಕ್ಕೆ ಪಂಚಾಯಿತಿಯೇ ಮನೆಗೆ ಬರುವ ಹಾಗಾಯಿತು.

ಪುಸ್ತಕ ದೇವರ ಮುಂದೆ ಇಡುವಾಗ ರತ್ನ ತಡೆದಳು. “ಅಕ್ಕ, ಕರುವಿನ ಚರ್ಮ ಅಂತೀಯ. ದೇವರ ಹತ್ರ ಇಡಬಹುದಾ?”

“ಮೃದಂಗ ಏನು ಪ್ಲಾಸ್ಟಿಕ್‌ನಲ್ಲಿ ಮಾಡ್ತಾರಾ? ಇಡು,” ಎಂದೆ.

ದಿವ್ಯಳ ಲೆಕ್ಕದ ಪುಸ್ತಕ, ಪುಟ್ಟಸ್ವಾಮಿಯ ಕಂಪ್ಯೂಟರ್ ಪುಸ್ತಕಗಳು, ಅವುಗಳ ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ. ಡಬ್ಬಿಯ ಮುಚ್ಚಳ ನಾನೇ ಬಿಗಿಯಾಗಿ ಒತ್ತಿದೆ.

ಆಯುಧಪೂಜೆ

ಅಕ್ಟೋಬರ್ ತಿಂಗಳಲ್ಲಿ ಅಲ್ಲಿನ ಗ್ರೋಸರಿ ಅಂಗಡಿಗಳ ಮುಂದೆ ಕಿತ್ತಳೆ ಬಣ್ಣದ ಕುಂಬಳಕಾಯಿ ರಾಶಿ ರಾಶಿ ಬೀಳುತ್ತದೆ. ಅವರು ಅದಕ್ಕೆ ಕಣ್ಣು ಮೂಗು ಕೊರೆದು ದೀಪ ಹಚ್ಚಿ ಬಾಗಿಲಲ್ಲಿಡುತ್ತಾರೆ. ದೃಷ್ಟಿಗೊಂಬೆ ತಾನೇ, ನನಗೇನೂ ವಿಚಿತ್ರವೆನಿಸಲಿಲ್ಲ. ಪುಟ್ಟಸ್ವಾಮಿ ಬೂದುಗುಂಬಳ ಸಿಗದೆ ಇದನ್ನೇ ತಂದು, ಒಳಗೆ ಕುಂಕುಮ ತುಂಬಿ, ಕಾರಿಗೆ ನಿವಾಳಿಸಿ ಪಾರ್ಕಿಂಗಿನಲ್ಲಿ ಒಡೆದರು. ಎದುರು ಮನೆಯ ಎರಡು ಮಕ್ಕಳು ಚಪ್ಪಾಳೆ ತಟ್ಟಿದವು. ಅಪಾರ್ಟ್‌ಮೆಂಟಿನ ಮ್ಯಾನೇಜರ್ ಬಂದು ಕೆಂಪು ನೀರನ್ನೂ ಚಕ್ರದ ಕೆಳಗಿನ ನಿಂಬೆಹಣ್ಣನ್ನೂ ಬಹಳ ಹೊತ್ತು ನೋಡಿ, ಕಾರಿಗೆ ಏನಾಗಿದೆ ಎಂದು ಕೇಳಿದಳು. ಇನ್ನು ಮುಂದೆ ಏನೂ ಆಗುವುದಿಲ್ಲ ಎಂದರು ಪುಟ್ಟಸ್ವಾಮಿ.

ಆ ಉತ್ಸಾಹದಲ್ಲೇ ಕುಂಕುಮದ ಬಟ್ಟಲು ಹಿಡಿದು ಅವರು ಒಳಗೆ ಬಂದರು. ಕಂಪ್ಯೂಟರಿಗೆ ಇಟ್ಟರು, ಫೋನಿಗೆ, ಮಿಕ್ಸಿಗೆ, ನನ್ನ ಕತ್ತಿಗೆ. ನಾನು ಅಡಿಗೆಮನೆಯಲ್ಲಿ ಹಯಗ್ರೀವ ತಿರುವುತ್ತಿದ್ದೆ. ಹೊರಗೆ ಬಂದಾಗ ನೋಡುತ್ತೇನೆ, ಡಬ್ಬಿ ಪಕ್ಕಕ್ಕಿದೆ, ಪುಸ್ತಕ ಮಣೆಯ ಮೇಲಿದೆ, ಮೇಲೊಂದು ಸೇವಂತಿಗೆ. ದೇವರಿಗೆ ಡಬ್ಬಿ ತೋರಿಸುವುದು ಚೆನ್ನಾಗಿರಲ್ಲ ಎಂದು ರತ್ನ ತೆಗೆದಿಟ್ಟಿದ್ದಳು. ಕಳಚಿದ ಹಲಗೆಯನ್ನು ಅಡಿಗೆ ಇಟ್ಟಿದ್ದಳು. ಹಾಗಾಗಿ ಮೇಲಿದ್ದದ್ದು ಬರಿಯ ಮೊದಲ ಹಾಳೆ, ಜನವರಿ. ಅದರ ಮೇಲಂಚಿನ ನಟ್ಟ ನಡುವೆ ಒಂದು ರೂಪಾಯಿಯಗಲ ಒದ್ದೆ ಕುಂಕುಮ.

ನಾನು ಕೂಗಿದ್ದು ಮ್ಯಾನೇಜರಿಗೂ ಕೇಳಿಸಿರಬೇಕು. ಪುಟ್ಟಸ್ವಾಮಿ ಬಟ್ಟಲು ಹಿಡಿದು ಹಾಗೇ ನಿಂತರು.

“ಏನಕ್ಕ, ಬುಕ್ಕು ತಾನೇ? ಎಲ್ಲಾ ಬುಕ್ಕಿಗೂ ಇಟ್ಟೆ,” ಎಂದರು.

“ಐನೂರು ವರ್ಷದ ಬುಕ್ಕು ಮಾರಾಯ್ರೇ ಅದು!” ಎಂದು ನೆತ್ತಿಗೇರಿದ ಕೋಪದಲ್ಲಿ ಬಾಯಿಗೆ ಬಂದದ್ದೆಲ್ಲ ಅಂದೆ. ರತ್ನ ಗಂಡನ ಪರ ಬಂದಳು, ಅವಳಿಗೂ ಸಿಕ್ಕಿತು. ದಿವ್ಯ ನಡುವೆ ನಿಂತು ‘ಇಟ್ಸ್ ಓಕೆ ದೊಡ್ಡಮ್ಮ’ ಎಂದಳು. ಅವಳಿಗೂ ಸಿಕ್ಕಿತು.

ಆಮೇಲೆ ಕೂತು ಕೆಲಸಕ್ಕೆ ಹತ್ತಿದೆ. ಕುಂಕುಮ ಒಣಗುವವರೆಗೆ ಉಸಿರು ಬಿಗಿಹಿಡಿದು ಕಾದೆ. ಬ್ರೆಡ್ಡಿನ ಒಳಗಿನ ಮೆದುವನ್ನು ಉಂಡೆ ಮಾಡಿ ಮೆಲ್ಲಗೆ ಒತ್ತಿ ಒತ್ತಿ ಪುಡಿ ಎತ್ತಿದೆ. ಅಪ್ಪ ಕಲಿಸಿದ್ದು. ಅರ್ಧ ಪೌಂಡು ಬ್ರೆಡ್ಡು ಕೆಂಪಾಯಿತು. ಪುಡಿ ಹೋಯಿತು, ಬಣ್ಣ ಹೋಗಲಿಲ್ಲ. ದುಂಡಗೆ, ತಿಳಿಗೆಂಪಗೆ ಕೂತುಬಿಟ್ಟಿತು. ಪುಟ್ಟಸ್ವಾಮಿ ಪಾಪ ಪಕ್ಕದಲ್ಲೇ ಕೂತು ಬ್ರೆಡ್ಡಿನ ಅಂಚು ಬಿಡಿಸಿಕೊಡುತ್ತಿದ್ದರು. ಬೈದದ್ದಕ್ಕೆ ನನಗೇ ನಾಚಿಕೆಯಾಯಿತು. ಅವರ ತಟ್ಟೆಗೆ ಎರಡು ಸಲ ಹಯಗ್ರೀವ ಬಡಿಸಿದೆ.

ವಿಜಯದಶಮಿ

ಸಂಜೆ ಐದಕ್ಕೆ ಮೀನಮ್ಮ ಮೂವರು ಹೆಣ್ಣುಮಕ್ಕಳ ಜೊತೆ ಬಂದರು. ಆನ್ನಾ, ಎಲ್ಸಾ, ಯೋಕೆ. ಮೂವರೂ ಅಮ್ಮನಷ್ಟೇ ಎತ್ತರ. ನಮ್ಮ ಹಜಾರ ತುಂಬಿಹೋಯಿತು. ಪಾಲು ತೆಗೆದುಕೊಂಡು ಹೋಗಲು ಒಬ್ಬೊಬ್ಬರೂ ಒಂದೊಂದು ತಂದಿದ್ದರು. ಹಿರಿಯಳ ಕೈಯಲ್ಲಿ ಮಖಮಲ್ಲಿನ ಪೆಟ್ಟಿಗೆ, ನಡುವಿನವಳದು ಲ್ಯಾಪ್‌ಟಾಪ್ ಚೀಲ, ಕಿರಿಯಳದು ಊಟದ ಪ್ಲಾಸ್ಟಿಕ್ ಡಬ್ಬಿ. ಮಾತು ಸಕ್ಕರೆ, ಆದರೆ ಕಣ್ಣೆಲ್ಲ ಮಣೆಯ ಮೇಲೆ.

ನಾನು ಮೊದಲು ತಪ್ಪು ಒಪ್ಪಿಕೊಳ್ಳೋಣ ಎಂದು ಜನವರಿ ಹಾಳೆ ತೋರಿಸಿದೆ. ಮೀನಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಹಿಡಿದರು. ಏನಿದು, ಯಾಕಿಟ್ಟಿರಿ ಎಂದು ಕೇಳಿದರು. ಒಳ್ಳೆಯದಾಗಲಿ ಎಂದು ಇಡುತ್ತೇವೆ, ಮನುಷ್ಯರಿಗೂ ಇಡುತ್ತೇವೆ ಎಂದು ರತ್ನ ಹೇಳಿದಳು. ಮೀನಮ್ಮ ಜೋರಾಗಿ ನಕ್ಕರು. ಪುಟ ತಿರುಗಿಸಿ ಮೇಣದ ಹನಿ ಬಿದ್ದ ಕಲೆ ತೋರಿಸಿದರು, ಇದು ಯಾರದೋ. ಇನ್ನೊಂದು ಕಡೆ ಮಗುವಿನ ಗೀಚು, ಇದೂ ಯಾರದೋ. ಇದೊಂದು ನಿಮ್ಮದು ಎಂದು ಹಾಳೆಯನ್ನು ತಟ್ಟಿದರು. ಹಾಗಾದರೆ ನನಗೂ ಇಡಿ ಎಂದು ಹಣೆ ಮುಂದೆ ಚಾಚಿದರು. ರತ್ನ ನಾಲ್ವರಿಗೂ ಕುಂಕುಮ ಇಟ್ಟಳು. ಪುಟ್ಟಸ್ವಾಮಿಗೆ ಹೋದ ಜೀವ ಬಂತು.

ಇನ್ನು ಕತ್ತಿ ಎತ್ತುವುದೊಂದೇ ಬಾಕಿ. ಅದಕ್ಕೆ ಮೊದಲು ಆರತಿ. ಅಮ್ಮ ಹಾಡುತ್ತಿದ್ದ ಗೌರಿ ಹಾಡನ್ನು ರತ್ನ ಶುರು ಮಾಡಿದಳು. ಗೌರಿ ತವರಿಗೆ ಹೋಗುವ ಹಾಡು ಅದು. ಶಿವನ ಹತ್ತಿರ ಅಪ್ಪಣೆ ಕೇಳುತ್ತಾಳೆ, ಅವನು ಸಿಟ್ಟಾಗುತ್ತಾನೆ, ಸಮಾಧಾನ ಮಾಡುತ್ತಾಳೆ, ಹಸಿರು ಸೀರೆ ಉಟ್ಟು ಹೊರಡುತ್ತಾಳೆ. ದಾರಿಯಲ್ಲಿ ಹೊಳೆ ಸಿಗುತ್ತದೆ. ಅಲ್ಲಿಗೆ ರತ್ನ ನಿಲ್ಲಿಸಿ ಆರತಿ ತಟ್ಟೆ ಕೆಳಗಿಟ್ಟಳು. ಅವಳಿಗೆ ಬರುವುದು ಅಷ್ಟೇ.

ಉಸಲಿ ತರಲು ಒಳಗೆ ಹೋಗಿದ್ದ ನಾನು, ಬಾಯಿ ತಡೆಯದೆ, ಅಲ್ಲಿಂದಲೇ ಮುಂದಿನದನ್ನು ಎತ್ತಿಕೊಂಡೆ. ಹೊಳೆ ದಾರಿ ಬಿಡುತ್ತದೆ, ಗೌರಿ ದಾಟುತ್ತಾಳೆ, ತವರಿನ ಬಾಗಿಲಲ್ಲಿ ಅಮ್ಮ ಕಾಲಿಗೆ ನೀರು ಕೊಡುತ್ತಾಳೆ. ಹಾಡುತ್ತಾ ಹೊರಗೆ ಬಂದೆ. ರತ್ನ ನನ್ನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಒಂಬತ್ತು ವರ್ಷದಲ್ಲಿ ಆ ಹಾಡನ್ನು ಇಡಿಯಾಗಿ ಕೇಳಿದ್ದು ಅದೇ ಮೊದಲು, ಅವಳೂ, ನಾನೂ.

ಚೆನ್ನಾಗಿತ್ತು, ಆದರೆ ಇಬ್ಬರಿಗೂ ಅರ್ಧರ್ಧ ಮಾತ್ರ ಬರುತ್ತದಾ ಎಂದು ಹಿರಿಯಳು ಆನ್ನಾ ಕೇಳಿದಳು. ನಾನೇ ಹೇಳಬೇಕಾಯಿತು. ನನ್ನ ಇಂಗ್ಲಿಷು ಸಾಲದೆ ಕನ್ನಡಕ್ಕಿಳಿದೆ, ರತ್ನ ಅದನ್ನು ಇಂಗ್ಲಿಷಿನಲ್ಲಿ ಅವರಿಗೆ ಹೇಳುತ್ತಾ ಬಂದಳು.

“ಅಮ್ಮ ಒಂದು ಹಾಡಿನ ಪುಸ್ತಕ ಬರೆದಿಟ್ಟಿದ್ಲು, ಕೈಯಲ್ಲೇ. ಅಮ್ಮ ತೀರಿಹೋದ ವರ್ಷವೇ ಇವಳ ಮದುವೆ ಆಯ್ತು. ಇಬ್ಬರಿಗೂ ಬೇಕಿತ್ತು. ನಾನು ಬೈಂಡರ್ ಅಲ್ವಾ, ನ್ಯಾಯವಾಗಿ ನಡು ನೋಡಿ ಬಿಚ್ಚಿ ಎರಡು ಪುಸ್ತಕ ಮಾಡಿದೆ. ಬಹಳ ಚೆನ್ನಾಗಿ ಮಾಡಿದೆ. ರೇಷ್ಮೆ ಬಟ್ಟೆ ಹಾಕಿದೆ. ಆ ನಡು ಈ ಹಾಡಿನ ಮಧ್ಯಕ್ಕೇ ಬಂದಿತ್ತು, ನಾನು ಓದಿ ನೋಡಲಿಲ್ಲ. ಅಮ್ಮ ಇದ್ದಾಗ ಇಬ್ರೂ ಕಲೀಲಿಲ್ಲ, ಹೇಗೂ ಅವಳು ಹಾಡ್ತಾಳಲ್ಲ ಅಂತ. ಅವತ್ತಿಂದ ಗೌರಿ ಇಲ್ಲಿ ಹೊಳೆದಂಡೆ ಮೇಲೇ ನಿಂತಿದ್ದಾಳೆ. ನಮ್ಮೂರಲ್ಲಿ ಹೊರಡದೇನೇ ಬಂದು ಇಳೀತಾಳೆ.”

ಪುಟ್ಟಸ್ವಾಮಿಗೆ ಕೂಡ ಗೊತ್ತಿರಲಿಲ್ಲ. ರತ್ನ ಎಷ್ಟು ಗೌರಿ ಹಬ್ಬಗಳಲ್ಲಿ ಹೊಳೆಯ ಹತ್ತಿರ ನಿಲ್ಲಿಸಿದ್ದಳೋ, ಒಮ್ಮೆಯೂ ನನ್ನನ್ನು ಬಯ್ದು ಬರೆದವಳಲ್ಲ. ಹೇವರ್ಡ್‌ನಲ್ಲಿ ನನಗೆ ಬಾಯಿ ಬರದಿದ್ದದ್ದು ಇದಕ್ಕೇ. ಅಮ್ಮನ ಪುಸ್ತಕವನ್ನೇ ಕತ್ತರಿಸಿದವಳು, ಇನ್ನೊಬ್ಬರ ಅಮ್ಮನಿಗೆ ಯಾವ ಮುಖ ಇಟ್ಟುಕೊಂಡು ಬುದ್ಧಿ ಹೇಳಲಿ?

ಮೀನಮ್ಮ ಎದ್ದು ತಮ್ಮ ಚೀಟಿ ತೆಗೆದು ನೋಡಿದರು. ಪಾಲಿನ ಲೆಕ್ಕ ಬರೆದಿದ್ದ ಚೀಟಿ. ಪುಸ್ತಕದಲ್ಲಿ ಎರಡನೆಯ ಪಾಲು ಶುರುವಾಗಬೇಕಿದ್ದ ಜಾಗ ಹುಡುಕಿ, ಹಿಂದಿನ ಸಾಲು ಓದಿದರು, ಮುಂದಿನ ಸಾಲು ಓದಿದರು. ಅದು ಒಂದೇ ಪ್ರಾರ್ಥನೆ. ಚಿನ್ನ ಎಣಿಸುವ ಭರದಲ್ಲಿ ಅವರೂ ಓದಿ ನೋಡಿರಲಿಲ್ಲ. ಚೀಟಿಯನ್ನು ಮಡಿಚಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರು. ಪುಸ್ತಕ ನನ್ನ ಕೈಗಿಟ್ಟರು.

“ಹೊಲಿಯಿರಿ,” ಎಂದರು. ಅಷ್ಟು ಇಂಗ್ಲಿಷು ನನಗೆ ರತ್ನ ಇಲ್ಲದೆಯೂ ತಿಳಿಯಿತು.

ಹಾಗಾದರೆ ಯಾರ ಮನೆಯಲ್ಲಿರಬೇಕು ಎಂದು ಮೂವರೂ ಒಟ್ಟಿಗೇ ಬಾಯಿಬಿಟ್ಟರು. ಆಗ ಪುಟ್ಟಸ್ವಾಮಿ ಬಾಯಿ ಹಾಕಿದರು. ಅವರಪ್ಪ ಸೇರಿ ಐವರು ಅಣ್ಣತಮ್ಮಂದಿರು ಪಾಲಾದಾಗ ಹೊಲ ಹಂಚಿಕೊಂಡರು, ಪಾತ್ರೆ ಹಂಚಿಕೊಂಡರು, ಮನೆದೇವರ ಪೆಟ್ಟಿಗೆ ಹಂಚಲಾಗಲಿಲ್ಲ. ಅದಕ್ಕೆ ಸರದಿ. ವರ್ಷಕ್ಕೊಬ್ಬರ ಮನೆಯಲ್ಲಿ ದೇವರು. ಪೆಟ್ಟಿಗೆ ಹೊತ್ತು ತರುವ ದಿನ ಮುನಿಸಿಕೊಂಡವರೂ ಒಟ್ಟಿಗೆ ಕೂತು ಊಟ ಮಾಡಲೇಬೇಕು. ಇವರು ನಾಯಿ ಊಟದ ಮನುಷ್ಯ ಎಂದುಕೊಂಡಿದ್ದೆ, ಸರಿಯಾದ ಹೊತ್ತಿಗೆ ಸರಿಯಾದ ಮಾತಾಡಿದರು. ನಾಲ್ಕು ನಾಲ್ಕು ತಿಂಗಳ ಸರದಿ ಎಂದು ತೀರ್ಮಾನವಾಯಿತು. ಕ್ರಿಸ್‌ಮಸ್ ತಿಂಗಳು ಯಾರಿಗೆ ಎಂದು ಮತ್ತೆ ಜಗಳ. ದಿವ್ಯ ಚೀಟಿ ಎತ್ತಿದಳು. ಕಿರಿಯಳಿಗೆ ಬಂತು. ಅಕ್ಕಂದಿರಿಬ್ಬರೂ ಮುಖ ಊದಿಸಿಕೊಂಡು ಎರಡೆರಡು ಸಲ ಉಸಲಿ ಹಾಕಿಸಿಕೊಂಡರು. ಮೀನಮ್ಮ ಹಣೆಯ ಕುಂಕುಮದಲ್ಲೇ ಮನೆಗೆ ಹೋದರು.

ಮೇಜಿನ ಮೇಲೆ ಆರು ದಿನ

ಆಮೇಲಿನ ಆರು ದಿನ ನನ್ನ ಜೀವಮಾನದ ಒಳ್ಳೆಯ ದಿನಗಳು. ಗಟ್ಟಿ ದಾರ ಬೇಕೆಂದಾಗ ಪುಟ್ಟಸ್ವಾಮಿ ಹಲ್ಲಿನ ಸಂದಿ ಉಜ್ಜುವ ದಾರ ತಂದುಕೊಟ್ಟರು. ಅದನ್ನು ಅವರ ಹಲ್ಲಿಗೇ ವಾಪಸು ಕಳಿಸಿದೆ. ರತ್ನ ಸ್ಯಾನ್ ಹೋಸೆಯೆಲ್ಲ ಸುತ್ತಿ ನಾರಿನ ದಾರ ಹುಡುಕಿ ತಂದಳು. ಅದಕ್ಕೆ ನನ್ನ ಜೇನುಮೇಣ ಉಜ್ಜಿದೆ. ಹೊಸ ತೂತು ಒಂದನ್ನೂ ಹಾಕಲಿಲ್ಲ. ಆ ಕಾಲದ ಯಾರೋ ಬೈಂಡರ್ ಹಾಕಿದ್ದ ತೂತುಗಳಲ್ಲೇ ಸೂಜಿ ಹೋಯಿತು, ಬಂತು. ಅವನ ಕೈ ನನ್ನಷ್ಟು ಒಳ್ಳೆಯದಲ್ಲ, ಎರಡು ಕಡೆ ಸಾಲು ತಪ್ಪಿದ್ದ. ಬಯ್ದುಕೊಂಡೇ ಅವನ ಹಿಂದೆ ಹೋದೆ. ದಿವ್ಯ ಶಾಲೆಯಿಂದ ಬಂದು ಎದುರು ಕೂತು, ಒಂದೊಂದು ಕಂತೆ ಎತ್ತಿ ಕೊಡುತ್ತಾ, ಗೌರಿ ಹಾಡಿನಲ್ಲಿ ಹೊಳೆ ಹೇಗೆ ದಾರಿ ಬಿಟ್ಟಿತು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಇಬ್ಬರಿಗೂ ಏನೂ ಕಷ್ಟವಾಗಲಿಲ್ಲ.

ಹಲಗೆ ಕೂಡಿಸಿ, ಬೆನ್ನು ಕಟ್ಟಿ, ಹೇವರ್ಡ್‌ಗೆ ಒಯ್ದುಕೊಟ್ಟೆ. ಮೀನಮ್ಮ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಕೊನೆಯ ಹಾಳೆಯಲ್ಲಿ ಅವರಮ್ಮನ ಹೆಸರಿನ ಕೆಳಗೆ ಮೊದಲು ತಮ್ಮದು ಬರೆದರು. ಇಷ್ಟು ವರ್ಷ ಬರೆದೇ ಇರಲಿಲ್ಲವಂತೆ. ಅದರ ಕೆಳಗೆ ಮೂವರ ಹೆಸರನ್ನು ಒಂದೇ ಸಾಲಿನಲ್ಲಿ, ಜಾಗ ಸಾಲದೆ ಒತ್ತೊತ್ತಾಗಿ ಬರೆದರು. ಬಾಗಿಲವರೆಗೆ ಬಂದು ನನ್ನನ್ನು ತಬ್ಬಿಕೊಂಡರು. ಆ ಎತ್ತರಕ್ಕೆ ನನ್ನ ತಲೆ ಅವರ ಅಂಗಿಯ ಗುಂಡಿಗೆ ಒತ್ತಿತು. ಜೋರಾಗಿ ಅತ್ತುಬಿಟ್ಟೆ, ಸುಳ್ಳೇಕೆ.

ಮೈಸೂರು

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ರತ್ನ ಒಂದು ಪೊಟ್ಟಣ ಕೊಟ್ಟಳು. ದಿವ್ಯಳ ಹಳೆಯ ಫ್ರಾಕಿನಲ್ಲಿ ಸುತ್ತಿದ ಅಮ್ಮನ ಪುಸ್ತಕ, ಅವಳ ಅರ್ಧ. “ಹೊಲಿದು ಮೊದಲು ನನಗೆ ಕಳಿಸ್ಬೇಕು ಅಕ್ಕ. ಗೌರಿ ಹಬ್ಬ ನನ್ನ ಸರದಿ,” ಎಂದಳು. ಆಯಿತೆಂದು ಮಾತು ಕೊಟ್ಟೆ.

ಬಂದ ವಾರವೇ ನನ್ನ ರೇಷ್ಮೆ ಬಟ್ಟೆಯನ್ನೆಲ್ಲ ಕಿತ್ತುಹಾಕಿ, ಎರಡೂ ಅರ್ಧ ಸೇರಿಸಿ ಹೊಲಿದೆ. ಬೆನ್ನಿಗೆ ಮೈದಾ ಅಂಟು ಬಳಿದು ಒತ್ತುಹಲಗೆಯಲ್ಲಿಟ್ಟೆ. ಮರುದಿನ ತೆಗೆದು, ಅಂಗಡಿಯ ಬಾಗಿಲು ಮುಂದೆ ಮಾಡಿ, ಒಬ್ಬಳೇ ಕೂತು ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡಿದೆ. ಆಮೇಲೆ ದಿನಾ ಹಾಡಿದೆ.

ರತ್ನ ಭಾನುವಾರ ಭಾನುವಾರ ಫೋನು ಮಾಡಿ, ಕಳಿಸಿದೆಯಾ ಎಂದು ಕೇಳುತ್ತಾಳೆ. ಅಂಟು ಇನ್ನೂ ಒಣಗಿಲ್ಲ ಎನ್ನುತ್ತೇನೆ. ಎಂಟು ತಿಂಗಳಾಯಿತು, ಹಾಗೇ ಹೇಳುತ್ತಿದ್ದೇನೆ. ಅವಳೂ ಬೈಂಡರನ ಮಗಳು, ಮೈದಾ ಅಂಟು ಒಂದು ಮಧ್ಯಾಹ್ನಕ್ಕೆ ಒಣಗುತ್ತದೆಂದು ಅವಳಿಗೆ ಗೊತ್ತಿಲ್ಲವೇ? ಮೊನ್ನೆಯೂ ಅದನ್ನೇ ಹೇಳಿದೆ.

“ಹಾಗಾದ್ರೆ ಬಿಡು, ಗೌರಿ ಹಬ್ಬಕ್ಕೆ ನಾನೇ ಬಂದು ತಗೊಂಡು ಹೋಗ್ತೀನಿ,” ಎಂದಳು.

ಟಿಕೆಟ್ ತೆಗೆಸಿದ್ದಾಳೆ.